ಒಂಬತ್ತು ಪುಸ್ತಕಗಳಲ್ಲಿ ಎಲ್ಲೂ ಇಲ್ಲದ ಡ್ರೈವರ್

ಆ ಪುಸ್ತಕವನ್ನು ನಾನು ಮೊದಲ ಸಲ ಓದಿದ್ದು ಹಿಂದುಮುಂದಾಗಿ. ಜಪಾನಿನ ಚಿತ್ರಕಥೆಗಳನ್ನು ಬಲದಿಂದ ಎಡಕ್ಕೆ ಓದಬೇಕಂತೆ. ಜಮಖಂಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕಗಳ ನಡುವೆಯೇ ಕೂತವಳು ನಾನು, ಇಷ್ಟೂ ಗೊತ್ತಿರಲಿಲ್ಲ. ಹೀಗಾಗಿ ನನ್ನ ಪಾಲಿಗೆ ಕಥಾನಾಯಕ ಮೊದಲು ಗೆದ್ದ, ಆಮೇಲೆ ಪೆಟ್ಟು ತಿಂದ, ಕೊನೆಗೆ ಲಾರಿಗೆ ಸಿಕ್ಕು ಸತ್ತ. ಅಕ್ಕನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಚಿಗವ್ವಾ, ಉಲ್ಟಾ ಓದಾಕತ್ತಿ ನೋಡ. ಲೈಬ್ರರಿ ನೌಕರಿ ಯಾರ್ ಕೊಟ್ಟಾರ ನಿನಗ?"

ಅವಳ ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೇ ಆ ಸರಣಿಯ ಉಳಿದ ಎಂಟು ಪುಸ್ತಕಗಳನ್ನೂ ಓದುತ್ತೇನೆ ಅಂದೆ.

ಅಕ್ಕನ ಮನೆ ಲೋಕಾಪುರದಲ್ಲಿ. ಪಿಯುಸಿಗೆ ಹುಡುಗಿಯನ್ನು ಹಾಸ್ಟೆಲಿಗೆ ಹಾಕೋಣ ಅಂತ ನಾನೇ ಹೇಳಿದ್ದೆ. ಅಕ್ಕ ಒಪ್ಪಲಿಲ್ಲ. "ನಿನ್ನ ಮನ್ಯಾಗನ ಇರ್ಲಿ" ಅಂದಳು, ಎರಡನೇ ಮಾತಿಗೆ ಜಾಗ ಕೊಡಲಿಲ್ಲ. ಜೂನ್‌ನಲ್ಲಿ ಹುಡುಗಿ ಒಂದು ಟ್ರಂಕು, ಒಂದು ಸ್ಕೂಟಿ, ಈ ಒಂಬತ್ತು ಪುಸ್ತಕಗಳ ಸಮೇತ ಬಂದಿಳಿದಳು. ಅವಳು ಬಂದ ದಿನದಿಂದ ನನಗೆ ಅನ್ನ ಸರಿಯಾಗಿ ಇಳಿದಿಲ್ಲ. ಯಾಕೆಂದು ಈಗಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಎಳ್ಳು ಅಮಾವಾಸ್ಯೆಯ ದಿನ ಮುಧೋಳ ರಸ್ತೆಯ ನಮ್ಮ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಹೊಲ ನನ್ನ ಹೆಸರಿನದು. ಗಂಡನಿಗೆ ಬನಹಟ್ಟಿಯ ಸೀರೆ ಅಂಗಡಿ ಬಿಟ್ಟರೆ ಬೇರೆ ಚಿಂತೆಯಿಲ್ಲ, ಹೊಲದ ಫೋನೆಲ್ಲ ನನಗೇ. ಇಳಿಹೊತ್ತಿಗೆ ಟ್ರ್ಯಾಕ್ಟರಿನ ಡ್ರೈವರ್ ಫೋನ್ ಮಾಡಿದ. ಹಿಂದಿನ ಟ್ರೇಲರಿನ ಗಾಲಿ ಒಡೆದಿದೆ, ನಡುರಸ್ತೆಯಲ್ಲಿ ನಿಂತಿದೆ, ಪಂಚರಿನವನು ಬರುವ ತನಕ ಕಾಯಲೇ, ಮುಂದಿನದನ್ನಷ್ಟೇ ಎಳೆದುಕೊಂಡು ಫ್ಯಾಕ್ಟರಿಗೆ ಹೋಗಲೇ ಅಂತ. ಕಾದರೆ ಫ್ಯಾಕ್ಟರಿಯ ಗೇಟಿನಲ್ಲಿ ನಮ್ಮ ಪಾಳಿ ತಪ್ಪುತ್ತಿತ್ತು, ಮತ್ತೆರಡು ದಿನ ಕಬ್ಬು ಬಿಸಿಲಲ್ಲಿ ಒಣಗುತ್ತಿತ್ತು. "ಹಿಂದಿಂದು ಬಿಚ್ಚಿಟ್ಟು ನೀ ನಡಿ. ಸುತ್ತ ಕಲ್ಲು ಇಡು, ಎಲ್ಲಾರೂ ಹಂಗ ಮಾಡತಾರ" ಅಂದೆ.

ಎಲ್ಲರೂ ಹಾಗೆಯೇ ಮಾಡುತ್ತಾರೆ, ಅದು ಸುಳ್ಳಲ್ಲ. ನಮ್ಮ ಕಡೆ ಸೀಜನ್ನಿನಲ್ಲಿ ಕೆಟ್ಟು ನಿಂತ ಟ್ರೇಲರಿಗೆ ದೀಪವಿಲ್ಲ, ಕಾವಲಿಲ್ಲ. ಹಿಂದೆ ನಾಲ್ಕು ಕಲ್ಲು, ಕಲ್ಲಿನ ನಡುವೆ ಸಿಕ್ಕಿಸಿದ ಕಬ್ಬಿನ ಎಲೆ, ಅಷ್ಟೇ. ಹಗಲಿನಲ್ಲಿ ಅದು ಕಾಣುತ್ತದೆ. ಹೊತ್ತು ಮುಳುಗುವಾಗ, ಕಣ್ಣಿಗೆ ಎದುರಿನ ಬಿಸಿಲು ಹೊಡೆಯುವಾಗ, ಅಕ್ಕನ ಗಂಡನಿಗೆ ಅದು ಕಾಣಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಬೈಕಿನಲ್ಲಿ ನಮ್ಮ ಮನೆಗೇ ಬರುತ್ತಿದ್ದ.

ಕಬ್ಬು ನಮ್ಮದೆಂದು ಇಡೀ ಊರಿಗೆ ಗೊತ್ತಾಯಿತು. ಯಾರ ಕಬ್ಬಾದರೇನು, ಹೋಗುವ ಹೊತ್ತು ಬಂದಿತ್ತು ಅಂತ ಮಂದಿ ಸಮಾಧಾನ ಹೇಳಿದರು. ಟ್ರೇಲರು ಬಿಟ್ಟು ಹೋದದ್ದು ತನ್ನದೇ ತಪ್ಪು ಅಂತ ಡ್ರೈವರ್ ಪೊಲೀಸರ ಮುಂದೆ ಬರೆಸಿದ. ಆ ಫೋನಿನ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಸು ಅವನ ಮೇಲೆ ಬಿತ್ತು. ಇದು ಗೊತ್ತಾದ ದಿನ ಅಕ್ಕ ನನ್ನ ಹೊಸ್ತಿಲು ತುಳಿಯುವುದಿಲ್ಲ, ಹುಡುಗಿ ಟ್ರಂಕು ಎತ್ತಿಕೊಂಡು ಹೊರಡುತ್ತಾಳೆ. ಗಂಡನನ್ನು ಬಿಟ್ಟರೆ ನನಗೆ ಇರುವವರು ಅವರಿಬ್ಬರೇ, ನನಗೆ ಮಕ್ಕಳಿಲ್ಲ. ಆ ಭಯವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ನಾನು ಆ ನಗೆಯ ಪುಸ್ತಕ ಓದಲು ಕೂತದ್ದು.

ಇಂಥ ಕಥೆಗಳಿಗೆ ಅವರಲ್ಲಿ ಇಸೆಕಾಯಿ ಅನ್ನುತ್ತಾರಂತೆ, ಬೇರೆ ಲೋಕ ಅಂತ ಅರ್ಥ. ಇಲ್ಲಿ ಸತ್ತವನು ಅಲ್ಲಿ ಹುಟ್ಟುತ್ತಾನೆ. ಈ ಸರಣಿಯ ನಾಯಕ ಒಬ್ಬ ಬಡಪಾಯಿ ಗುಮಾಸ್ತ. ಕತ್ತಿ ಕೊಡುತ್ತಾರೆ, ರಾಜಕುಮಾರಿ ಸಿಗುತ್ತಾಳೆ ಅಂತ ಆಸೆಯಿಂದ ಹೋದರೆ, ಅಲ್ಲಿಯ ದೇವತೆ "ವೀರರ ಜಾಗ ಭರ್ತಿಯಾಗಿದೆ" ಅಂದುಬಿಡುತ್ತಾಳೆ. ಅವನಿಗೆ ಸಿಗುವುದು ಒಂದೇ ಶಕ್ತಿ: ಮುಟ್ಟಿದರೆ ಒದ್ದೆ ಬಟ್ಟೆ ಒಣಗುತ್ತದೆ. ಹಾಗೆ ಅವನು ರಾಕ್ಷಸ ಸೈನ್ಯದ ಬಟ್ಟೆ ಒಗೆಯುವವನಾಗುತ್ತಾನೆ.

ಛಲೋ ಇದೆ ಅಂತ ಮುಲಾಜಿಲ್ಲದೆ ಹೇಳುತ್ತೇನೆ. ನಗೆ ಎಲ್ಲಿಂದಲೋ ತಂದು ಮೆತ್ತಿದ್ದಲ್ಲ, ಮಾಡುವ ಕೆಲಸದೊಳಗಿಂದಲೇ ಬರುತ್ತದೆ. ರಾಕ್ಷಸರ ರಾಜ ತನ್ನ ನಿಲುವಂಗಿಗೆ ಬೂಷ್ಟು ಹಿಡಿದಿದೆ ಅಂತ ಯುದ್ಧ ಮುಂದೂಡುವ ಪುಟ ಓದಿ ಗ್ರಂಥಾಲಯದಲ್ಲಿ ಒಬ್ಬಳೇ ನಕ್ಕಿದ್ದೆ, ಓದುತ್ತಿದ್ದ ಹುಡುಗರೆಲ್ಲ ತಲೆಯೆತ್ತಿ ನೋಡಿದ್ದರು. ಪೂರ್ತಿ ಕೆಟ್ಟವರು ಅದರಲ್ಲಿ ಯಾರೂ ಇಲ್ಲ. ಆದರೆ ಐದನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಅದೇ ಬಟ್ಟೆ, ಅದೇ ದಾರ, ಅದೇ ಹಾಸ್ಯ. ಹೆಂಗಸರಿಗೆ ನಾಚಿ ಕೆಂಪಾಗುವುದು, ನಾಯಕನಿಗೆ ಬಾರಿಸುವುದು, ಅದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಒಂದು ಜಗಳ ನೂರು ಪುಟ ಹಿಡಿಯುತ್ತದೆ. ನಮ್ಮ ಓಣಿಯ ನಲ್ಲಿ ಜಗಳವೂ ಅಷ್ಟು ಎಳೆಯುವುದಿಲ್ಲ.

ಒಂಬತ್ತೂ ಮುಗಿದ ದಿನ ಹುಡುಗಿ ಎದುರು ಕೂತು ಕೇಳಿದಳು. "ಹೇಳು. ಎಲ್ಲಿ ಸೋತೈತಿ?"

"ಮೊದಲನೇ ಪುಟದಾಗನ ಸೋತೈತಿ" ಅಂದೆ. "ಮೂರು ಚಿತ್ರದಾಗ ಮನಷ್ಯಾನ್ನ ಸಾಯಿಸಿ ನಗಸ್ತಾರ. ಅವನ ಮನ್ಯಾಗ ಒಬ್ಬಾಕಿ ತಾಯಿ ಇರಬೇಕಲ್ಲ? ಆಕಿ ಏನಾದ್ಲು? ಒಂದು ಸಲನೂ ಹೊಳ್ಳಿ ನೋಡಂಗಿಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಪುಟದ ಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಲಾರಿಯ ಎರಡು ದೀಪಗಳಿದ್ದವು, ಗಾಜಿನ ಹಿಂದೆ ಬರೀ ಕಪ್ಪು ಬಣ್ಣ.

"ನಾ ಬ್ಯಾರೆ ಹೇಳ್ತೇನಿ. ಈ ಡ್ರೈವರ್ ಏನಾದ ಚಿಗವ್ವಾ? ಒಂಬತ್ತು ಬುಕ್ಕಿನ್ಯಾಗ ಅವನ ಮಾರಿ ಎಲ್ಲೂ ಇಲ್ಲ. ಮರುದಿನ ಆಂವ ಊಟ ಮಾಡಿದ್ನೋ ಇಲ್ಲೋ? ಯಾಕ್ ಅಷ್ಟು ಅವಸರದಾಗ ಇದ್ದ? ಯಾರರೆ ಲಗೂ ಬಾ ಅಂದಿದ್ರೇನು?"

ಬಚ್ಚಲಲ್ಲಿ ನೀರು ಬಿಟ್ಟಿದ್ದೇನೆ ಅಂತ ಸುಳ್ಳು ಹೇಳಿ ಎದ್ದೆ.

ದೀಪಾವಳಿ ಮುಗಿಯುತ್ತಲೇ ಸೀಜನ್ ಶುರುವಾಯಿತು. ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಮುಂಜಾನೆಯಿಂದ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರೇಲರು, ಎದೆ ನಡುಗಿಸುವ ಹಾಡು. ಹುಡುಗಿ ಕಾಲೇಜಿನಿಂದ ಬಂದವಳೇ ಗೇಟಿಗೆ ಒರಗಿ ನಿಲ್ಲುತ್ತಿದ್ದಳು. ಕೈಯಲ್ಲಿ ನೋಟ್‌ಬುಕ್ಕು. ಮೊದಮೊದಲು ಚಿತ್ರ ಬರೆಯುತ್ತಿದ್ದಾಳೆ ಅಂದುಕೊಂಡೆ. ಒಂದು ದಿನ ಇಣುಕಿದರೆ ಬರೀ ಟ್ರ್ಯಾಕ್ಟರ್ ನಂಬರುಗಳು. ಅವಳ ಕಣ್ಣು ಟ್ರೇಲರಿನ ಮೇಲಿರಲಿಲ್ಲ, ಸ್ಟೇರಿಂಗ್ ಹಿಡಿದವರ ಮುಖದ ಮೇಲಿತ್ತು. ಆ ಡ್ರೈವರ್ ಜಾಮೀನಿನ ಮೇಲೆ ಬಂದು ಬೀಳಗಿ ಕಡೆ ಗಾಡಿ ಓಡಿಸುತ್ತಿದ್ದಾನೆ ಅಂತ ನನ್ನ ಕಿವಿಗೂ ಬಿದ್ದಿತ್ತು.

"ಒಳಗ ಬಾರಬೇ, ಧೂಳು ಕುಡಿಯಾಕ ನಿಂತಿ ಏನು?" ಅಂತ ಬೈದೆ.

"ಬರ್ತೇನಿ. ಇನ್ನೂ ನಾಕ ಬರೂವು ಅದಾವು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಸ್ಕೂಟಿಯ ಕೀಲಿ ಬಚ್ಚಿಟ್ಟೆ. ಕೇಳಿದಾಗ ಹುಡುಕುವ ನಾಟಕ ಮಾಡಿದೆ. ಅವಳು ನನಗೆ ಹೇಳದೆ ಶನಿವಾರ ಮಧ್ಯಾಹ್ನ ಬೀಳಗಿಯ ಬಸ್ಸಿನಲ್ಲಿ ಹೋದಳು. ನಾನು ಗ್ರಂಥಾಲಯದಿಂದ ಬಂದಾಗ ಮನೆಗೆ ಬೀಗ ಹಾಕಿತ್ತು. ಎರಡು ತಾಸು ಹೊರಗೆ ಕಟ್ಟೆಯ ಮೇಲೆ ಕೂತೆ. ಹಾಯುವ ಪ್ರತಿಯೊಂದು ಟ್ರ್ಯಾಕ್ಟರನ್ನೂ ನೋಡುತ್ತಾ, ಶಿವನೇ, ಅವಳಿಗೆ ಏನೂ ಆಗದಿರಲಿ, ಆ ಡ್ರೈವರನೂ ಅವಳಿಗೆ ಸಿಗದಿರಲಿ ಅಂತ ಒಂದೇ ಉಸಿರಿನಲ್ಲಿ ಎರಡು ಬೇಡಿದೆ. ಎರಡರಲ್ಲಿ ಮೊದಲನೆಯದಷ್ಟೇ ದಕ್ಕಿತು.

ಬಂದವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, ನನ್ನ ಪಕ್ಕ ಕೂತಳು.

"ಸಿಕ್ಕಿದ್ದ. ಫ್ಯಾಕ್ಟರಿ ಮುಂದ ಪಾಳೇಕ ನಿಂತಿದ್ದ. ನಾ ಯಾರ ಮಗಳಂತ ಹೇಳಿದ ಕೂಡ್ಲೆ ಅಳಾಕತ್ತ. ಯಾಕ ಬಿಟ್ಟು ಹೋದ್ರಿ ಅಂತ ಕೇಳಿದ್ನಿ. ನನ್ನ ತಪ್ಪವ್ವಾ, ನನ್ನ ತಪ್ಪು ಅಂದ. ಬಿಡಲಿಲ್ಲ ನಾ. ಕಡೀಕ, ನಿಮ್ಮ ಚಿಗವ್ವಾರನ್ನ ಕೇಳವಾ, ಅಂದ."

ಸುಳ್ಳು ಬಾಯಿಯ ತನಕ ಬಂದಿತ್ತು. ಅವಳ ಮುಖ ನೋಡಿ ನುಂಗಿದೆ. ಗಾಲಿ ಒಡೆದದ್ದು, ಫೋನ್ ಬಂದದ್ದು, ಕಲ್ಲು ಇಟ್ಟು ನಡಿ ಅಂದದ್ದು, ಎಲ್ಲ ಹೇಳಿದೆ.

"ಅಪ್ಪ ಅದ ದಾರೀಲೆ ಬರಾಕತ್ತಾನಂತ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು. ಮನಿ ಬಿಟ್ಟಾನಂತ ನಿಮ್ಮವ್ವ ಮೊದಲ ಹೇಳಿದ್ಲು."

"ನೆನಪ ಬರಲಿಲ್ಲೇನು?"

"ಬರಲಿಲ್ಲವಾ. ಕಬ್ಬಿನ ಚಿಂತ್ಯಾಗ ಇದ್ನಿ."

ಅವಳು ಅಳಲಿಲ್ಲ. "ನಾಳೆ ರವಿವಾರ, ಅವ್ವ ಬರ್ತಾಳ. ನಾ ಹೇಳಂಗಿಲ್ಲ. ನೀನ ಹೇಳಬೇಕು" ಅಂದು ಎದ್ದು ಹೋದಳು. ಅವಳ ಕೋಣೆಯಲ್ಲಿ ಟ್ರಂಕು ಎಳೆದ ಸದ್ದು ಕೇಳಿಸಿತು.

ಮರುದಿನ ಹತ್ತಕ್ಕೆ ಅಕ್ಕ ಬಂದಳು. ಅಡುಗೆಮನೆಯಲ್ಲಿ ಕೂತು ಚವಳಿಕಾಯಿ ನಾರು ತೆಗೆಯತೊಡಗಿದಳು. ನಾನು ಅವಳ ಮುಂದೆ ನೆಲದ ಮೇಲೆ ಕೂತು, ಕೈ ಮುಗಿದು, ಹೇಳಿದೆ. ಹುಡುಗಿ ಬಾಗಿಲಿಗೆ ಆತು ನಿಂತಿದ್ದಳು. ಅಕ್ಕನ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಒಂದು ಕಾಯಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡಳು.

"ನನಗ ಗೊತ್ತೈತಿ" ಅಂದಳು.

ನಾನು ಕೈ ಇಳಿಸಿದೆ.

"ಮಣ್ಣು ಕೊಟ್ಟ ಮೂರನೇ ದಿನಾನ ಆ ಡ್ರೈವರ್ ನಮ್ಮ ಮನಿಗೆ ಬಂದು ಕಾಲಿಗೆ ಬಿದ್ದು ಹೇಳಿದ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ನಿ. ನೀನಾಗೇ ಬಂದು ಹೇಳ್ತಿಯೇನ ಅಂತ ಆರು ತಿಂಗಳ ಹಾದಿ ನೋಡಿದ್ನಿ. ಬರಲಿಲ್ಲ ನೀ."

"ಮತ್ಯಾಕಕ್ಕಾ ಹುಡಿಗೀನ ನನ್ನ ಮನ್ಯಾಗ ಬಿಟ್ಟಿ?"

ಅಕ್ಕ ಆಗ ತಲೆಯೆತ್ತಿದಳು.

"ಆಕಿ ಮಾರಿ ಥೇಟ್ ಅವರಪ್ಪಂದು" ಅಂದಳು. "ದಿನಾ ನೀ ನೋಡ್ಲಿ ಅಂತ ಬಿಟ್ಟೇನಿ."