ಅತ್ತೆ ಹೆಸರಿಟ್ಟು ಕರೆದ ಮರ

ನನ್ನ ಅತ್ತೆ ತಸಲ್ಲಾ ತನ್ನ ಚೊಚ್ಚಲ ಮಗನನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ. ಮೊದಲ ಮಗುವಿನ ಮೇಲಿನ ಮಮತೆಯನ್ನು ಜನರೆದುರು ತೋರಬಾರದೆಂಬ, ನಮ್ಮ ಹೌಸಾ ಜನಾಂಗದ ಹೆಂಗಸರ ಸಂಕೋಚವದು. ಆ ಮಗನೇ ನನ್ನ ಗಂಡ ಶಾಯ್ಬು. ಅವನನ್ನು ಊಟಕ್ಕೆ ಕರೆಯಬೇಕಾದರೆ ಅವಳು ಗೋಡೆಯತ್ತ ತಿರುಗಿ, "ಆ ಮನುಷ್ಯ ಉಂಡನೇನೋ ಕೇಳ್ರೇ" ಎನ್ನುತ್ತಿದ್ದಳು.

ನಾನು ಮಾರಾಡಿ ಪಟ್ಟಣದವಳು. ಮದುವೆಯಾಗಿ ಈ ಹಳ್ಳಿಗೆ ಬಂದದ್ದು ನಡು ಮಳೆಗಾಲದಲ್ಲಿ. ಸಜ್ಜೆ ಮೊಣಕಾಲೆತ್ತರ ಬೆಳೆದು, ಕಣ್ಣು ಹಾಯಿಸಿದಷ್ಟೂ ಹಸಿರು. ಅತ್ತೆಯ ಪಾಲಿಗೆ ಬಂದಿದ್ದ ಮರಳು ದಿಬ್ಬದಲ್ಲಿ ಮಾತ್ರ ಪೈರು ಹಳದಿ ತಿರುಗಿತ್ತು. ಅದರ ನಡುವೆ ತೊಡೆ ದಪ್ಪದ ಒಂದು ಜಾಲಿ, ಒಂದೆಲೆಯೂ ಇಲ್ಲದೆ ನಿಂತಿತ್ತು. ಸತ್ತ ಮರ ಎಂದುಕೊಂಡೆ. ಅತ್ತೆಗೆ ಸೌದೆಯ ಶ್ರಮ ತಪ್ಪಿಸಿ ಒಳ್ಳೆಯ ಸೊಸೆ ಎನಿಸಿಕೊಳ್ಳಬೇಕೆಂದು ಬೆಳಿಗ್ಗೆಯ ನಮಾಜು ಮುಗಿಸಿ, ಕೊಡಲಿ ಹಿಡಿದು ಹೋಗಿ ಕಡಿದುಬಿಟ್ಟೆ.

ಸೌದೆಹೊರೆ ನೋಡಿದ ಓರಗಿತ್ತಿ ಡೆಲು ಹಣೆ ಚಚ್ಚಿಕೊಂಡಳು. "ಅಯ್ಯೋ ಪಟ್ಟಣದ ರಾಣೀ! ಇದು ಗಾವೊ ಜಾಲಿ ಕಣೇ, ಮಳೆಗಾಲದಲ್ಲಿ ಬೋಳಾಗದೆ ಮತ್ಯಾವಾಗ ಆಗುತ್ತೆ? ನಿಮ್ಮೂರಲ್ಲಿ ಮಲಗಿದೋರನ್ನೆಲ್ಲ ಹೂತುಹಾಕ್ತಾರೇನು?"

ಅತ್ತೆ ನೆಟ್ಟಗೆ ಹೊಲಕ್ಕೆ ನಡೆದಳು. ನಾವು ಹಿಂದೆ ಓಡಿದೆವು. ಅವಳು ಬೊಡ್ಡೆಯ ಪಕ್ಕ ಕೂತು, ಅದರ ಮೇಲೆ ಅಂಗೈಯಿಟ್ಟು, "ಶಾಯ್ಬು... ನನ್ನ ಶಾಯ್ಬು" ಎಂದಳು. ಅವಳ ಬಾಯಲ್ಲಿ ಆ ಹೆಸರು ಕೇಳಿ ಡೆಲು ಬಾಯಿಗೆ ಸೆರಗು ತುರುಕಿಕೊಂಡಳು.

ಏಳು ವರ್ಷದ ಹಿಂದೆ ಮಗ ಮೊದಲ ಬಾರಿ ಕೂಲಿಗೆಂದು ದೂರದ ಕಾನೋ ಪಟ್ಟಣಕ್ಕೆ ಹೋದಾಗ ಅವಳು ಜನರೆದುರು ಅಳುವಂತಿರಲಿಲ್ಲ. ಆ ವರ್ಷ ಆಡಿನ ಹಿಕ್ಕೆಯಿಂದ ಈ ದಿಬ್ಬದಲ್ಲೊಂದು ಗಾವೊ ಮೊಳೆಯಿತು. ಎಲ್ಲರೂ ಮುಳ್ಳುಸಸಿ ಕಿತ್ತು ಹೊಲ ಹಸನು ಮಾಡುವಾಗ ಅದನ್ನು ಉಳಿಸಿ, ಮಗನ ಹೆಸರಿಟ್ಟಳು. ಮಾವನ ಹೊಲದಲ್ಲಿ ಹಳೆಯ ಗಾವೊಗಳ ಬುಡದ ಸಜ್ಜೆ, ಉದುರಿದ ಎಲೆಯೇ ಗೊಬ್ಬರವಾಗಿ, ಆಳೆತ್ತರ ಬರುತ್ತಿತ್ತು. ಬೇಸಿಗೆಯಲ್ಲಿ ಆಡುಕುರಿಗಳಿಗೆ ಅವುಗಳ ಕಾಯೇ ಮೇವು. ತನ್ನ ದಿಬ್ಬಕ್ಕೂ ಆ ದಿನ ಬರಲೆಂದು ಅವಳು ಕಾದಿದ್ದಳು.

ನಾನು ಅತ್ತೆಯ ಕಾಲಿಗೆ ಬಿದ್ದೆ. "ಏಳವ್ವಾ. ಎಲ್ಲಾರೂ ಉಣ್ಣೋವಾಗ ಇದು ರೋಜಾ ಉಪವಾಸ ಹಿಡಿಯುತ್ತೆ. ನೋಡಿದೋರಿಗೆ ಸತ್ತಂಗೇ ಕಾಣುತ್ತೆ. ಬೇರು ಇದೆ. ಅಲ್ಲಾ ಇದ್ದಾನೆ" ಎಂದಳು.

ನಾನು ಪ್ರತಿ ನಮಾಜಿನಲ್ಲೂ ಆ ಬೊಡ್ಡೆಗಾಗಿ ಬೇಡಿದೆ. ಸುಗ್ಗಿ ಮುಗಿದು ಒಣಗಾಳಿ ಎದ್ದಾಗ ಅದು ಏಳು ಚಿಗುರು ಒಡೆಯಿತು. ಅತ್ತೆ ನನ್ನ ಕೈಗೆ ಚಾಕು ಕೊಟ್ಟಳು.

"ಏಳನ್ನೂ ಬಿಟ್ಟರೆ ಪೊದೆ ಆಗುತ್ತೆ. ಒಂದನ್ನ ಬಿಟ್ಟರೆ ಮರ. ಆರಿಸು."

"ನಾನಾ? ನೀವೇ ಮಾಡಿ ಅತ್ತೆ."

"ಕಡಿದ ಕೈಯೇ ಉಳಿಸಲಿ."

ಬಿಸ್ಮಿಲ್ಲಾ ಎಂದು ಆರನ್ನು ಕೊಯ್ದೆ. ಉಳಿದ ಒಂದರ ಸುತ್ತ ಮುಳ್ಳುಬೇಲಿ ಕಟ್ಟಿದೆ. ಆಡು ನುಗ್ಗೀತೆಂದು ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. "ಮಗೂಗೆ ಹಾಲೂಡ್ಸಿ ಬಂದ್ಯಾ?" ಎಂದು ಡೆಲು ಛೇಡಿಸುತ್ತಿದ್ದಳು.

ಆ ಚಿಗುರು ಮರವಾಯಿತು. ಅದರ ಬುಡದ ಸಜ್ಜೆ ಉಂಡೇ ನನ್ನ ನಾಲ್ಕು ಮಕ್ಕಳು ಬೆಳೆದರು. ಕಾಯಿ ತಿಂದ ಅತ್ತೆಯ ಟಗರು ಕೊಬ್ಬಿ, ಕಟ್ಟಿದ ಗೂಟವನ್ನೇ ಕೀಳುತ್ತಿತ್ತು. ಕೊನೆಗಾಲದಲ್ಲಿ ಅವಳ ಕಣ್ಣು ಹೋಯಿತು. ಮಳೆ, ಬಿತ್ತನೆ ಹತ್ತಿರ ಬಂತೆಂದರೆ ಚಾಪೆಯ ಮೇಲಿಂದಲೇ ನನ್ನನ್ನು ಕೂಗುತ್ತಿದ್ದಳು: "ರಾಮತೂ, ಶಾಯ್ಬು ಎಲೆ ಉದುರಿಸಿದನೇನೇ?" ಅಂಗಳದಲ್ಲಿ ಗುದ್ದಲಿಗೆ ಕಾವು ಹಾಕುತ್ತಿದ್ದ ನನ್ನ ಗಂಡ ತಲೆ ತಗ್ಗಿಸಿ, ಕೇಳಿಸದವನಂತೆ ಕೂತಿರುತ್ತಿದ್ದ. ಕೈ ಮಾತ್ರ ನಿಂತುಬಿಡುತ್ತಿತ್ತು.

ಅತ್ತೆ ಹೋಗಿ ಒಂದು ವರ್ಷವಾಯಿತು. ಮೊನ್ನೆ ನನ್ನ ಗಂಡ ಹೊಲದಿಂದ ಬಂದು, ಅವಳ ಚಾಪೆ ಇರುತ್ತಿದ್ದ ಜಾಗದಲ್ಲಿ ನಿಂತ. ಆಮೇಲೆ ಗೋಡೆಯತ್ತ ತಿರುಗಿ ಹೇಳಿದ:

"ರಾಮತೂ, ಶಾಯ್ಬು ಎಲೆ ಉದುರಿಸ್ತಿದಾನೆ. ಬೀಜ ತೆಗಿ."