ಬೆಳಕು ತೂರುವಷ್ಟು ತೆಳು ಕಲ್ಲು

ಬೀದಿದೀಪಗಳು ಇನ್ನೂ ಆರಿಲ್ಲ. ಭೂವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ ಕಲ್ಲು ಅರೆಯುವ ಅಕ್ಕ ಕಿವಿಯನ್ನು ಕೈಯ ಹತ್ತಿರಕ್ಕೆ ಬಾಗಿಸಿದ್ದಾರೆ. ಒದ್ದೆ ಪುಡಿ ಹರಡಿದ ಗಾಜಿನ ಹಲಗೆಯ ಮೇಲೆ, ಅವರ ಬೆರಳಡಿ ಕಪ್ಪು ಕಲ್ಲಿನ ಬಿಲ್ಲೆಯೊಂದು ಸುತ್ತುತ್ತಿದೆ. ಮೊದಲು ಗರಗರ, ಆಮೇಲೆ ರೇಷ್ಮೆ ಎಳೆದಂಥ ಸದ್ದು, ಕೊನೆಗೆ ಮೌನ. ಮೌನ ಬಂದ ಕೂಡಲೇ ನಿಲ್ಲಿಸಬೇಕು. ಒಂದೆರಡು ಸುತ್ತು ಹೆಚ್ಚಾದರೆ ಕಲ್ಲೇ ಇರುವುದಿಲ್ಲ.

ದೂರದ ಕಡಲಿನಲ್ಲಿ ಯಾರೂ ವಾಸಿಸದ ಕೆಲವು ದ್ವೀಪಗಳಿವೆ. ನೀರಿನಡಿ ಲಾವಾ ಉಕ್ಕಿ, ಆರಿ, ಪದರದ ಮೇಲೆ ಪದರ ಕೂತು ಎದ್ದ ಬೆಟ್ಟಗಳ ನೆತ್ತಿಗಳು ಅವು. ಅಂಥದೊಂದು ದ್ವೀಪದಲ್ಲಿ ಈ ಕಲ್ಲನ್ನು ಒಡೆದು ತಂದಿದ್ದ ಬಂಡೆ ಕಳೆದ ಚಳಿಗಾಲದಲ್ಲಿ ಕುಸಿದು ಕಡಲು ಸೇರಿತು. ಉಳಿದಿರುವುದು ಇದೊಂದೇ ತುಂಡು. ಇದರೊಳಗೆ, ಲಾವಾ ಉಕ್ಕುವ ಮೊದಲೇ ಭೂಮಿಯ ಆಳದಲ್ಲಿ ಹುಟ್ಟಿದ ಹಸಿರು ಹರಳಿದೆ. ದ್ವೀಪ ಎಷ್ಟು ಆಳದಿಂದ ಬಂತೆಂದು ಹೇಳಬಲ್ಲದ್ದು ಅದೇ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಕಲ್ಲನ್ನು ಬೆಳಕು ತೂರುವಷ್ಟು ತೆಳುವಾಗಿ ಅರೆಯಬೇಕು.

"ಮೈಯೆಲ್ಲ ತೂತು ಇದಕ್ಕೆ. ಬೆಂಕೀಲಿ ಎದ್ದ ಗುಳ್ಳೆಗಳು. ಮೊದ್ಲು ಅಂಟು ಕುಡಿಸ್ಬೇಕು. ಅವಸರ ಮಾಡಿದ್ರೆ ಮುನಿಸ್ಕೊಂಡು ಪುಡಿಯಾಗತ್ತೆ," ಎನ್ನುತ್ತಾರೆ ಅಕ್ಕ, ಅವರ ಕೆಲಸ ನೋಡಲು ಬಂದ ನನಗೆ.

ಹಿಂದೆ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುತ್ತಿದ್ದರು. ಅಲ್ಲಿಗೆ ಯಂತ್ರ ಬಂತು, ಇವರು ಇಲ್ಲಿಗೆ ಬಂದರು. ಬೆರಳ ತುದಿಯ ಗೆರೆಗಳು ಈಗ ಸವೆದುಹೋಗಿವೆ. "ಹಾಜರಿ ಯಂತ್ರ ನನ್ನನ್ನ ಗುರುತೇ ಹಿಡಿಯಲ್ಲ. ದಿನಾ ವಾಚ್‌ಮನ್ ಸಾಕ್ಷಿ ಹೇಳ್ಬೇಕು." ಮಗಳಿಗೂ ತಮಾಷೆ: "ನಮ್ಮಮ್ಮ ದ್ವೀಪಗಳನ್ನ ಅರೆದು ಚರಂಡಿಗೆ ಬಿಡ್ತಾಳೆ."

ಕಟ್ ಎಂದಿತು. ಬಿಲ್ಲೆಯ ಅಂಚು ಹಾರಿದೆ. ಕಲ್ಲು ತಂದ ಸಂಶೋಧಕರು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದಾರೆ.

"ಅಕ್ಕಾ, ಹೋಯ್ತಾ?"

"ಬೆಳಕಿಗೆ ಅಡ್ಡ ನಿಲ್ಬೇಡಿ ಸಾರ್. ಟೀ ಆರ್ತಾ ಇದೆ, ಕುಡೀರಿ."

ಕಲ್ಲನ್ನು ಒತ್ತಿದ್ದ ಮೂರು ಬೆರಳುಗಳ ಜಾಗದಲ್ಲಿ ಈಗ ಒಂದೇ ಬೆರಳು. ಬಿಲ್ಲೆ ನಿದ್ದೆಯಲ್ಲಿರುವ ಮಗುವಿನ ಉಸಿರಿನಂತೆ ಸರಿಯುತ್ತದೆ. ಸದ್ದು ಸಣ್ಣಗಾಗಿ, ಇಲ್ಲವಾಗುತ್ತದೆ. ಅಕ್ಕ ಅದನ್ನು ತೊಳೆದು ಗೋಡೆಯ ಮೇಲ್ತುದಿಯ ಕಿಟಕಿಯತ್ತ ಎತ್ತುತ್ತಾರೆ. ಕಪ್ಪು ಬಂಡೆಯೊಳಗಿಂದ ಬೆಳಗು ತೂರಿ ಬರುತ್ತಿದೆ. ಹರಳು ಇಡಿಯಾಗಿದೆ.

ಸೂಕ್ಷ್ಮದರ್ಶಕದ ವಿಶೇಷ ಬೆಳಕಿನಲ್ಲಿ ಆ ಹಸಿರು ಹರಳು ಗುಲಾಬಿಯಾಗಿ, ನೀಲಿಯಾಗಿ ಹೊತ್ತಿಕೊಳ್ಳುತ್ತದೆ. ಸಂಶೋಧಕರು ನೋಡಿ, ಅಕ್ಕನಿಗೆ ಜಾಗ ಬಿಡುತ್ತಾರೆ. ಅಕ್ಕನೂ ಬಹಳ ಹೊತ್ತು ನೋಡುತ್ತಾರೆ.

ಆ ದ್ವೀಪಕ್ಕೆ ಹೋಗುವ ಆಸೆಯಿದೆಯೇ ಎಂದು ಕೇಳಿದೆ.

"ಯಾರೂ ಇಲ್ಲದ ಕಡೆ ಹೋಗಿ ಯಾರ ಹತ್ರ ಮಾತಾಡ್ಲಿ?"

ಆಮೇಲೆ ಅಕ್ಕ, ಬಿಲ್ಲೆಯ ಅಂಚಿನಿಂದ ಹಾರಿದ್ದ ಉಗುರಿನಷ್ಟು ಚೂರನ್ನು ಸಂಶೋಧಕರ ಅಂಗೈಗೆ ಹಾಕಿದರು. "ಇದ್ರಲ್ಲಿ ಹರಳಿಲ್ಲ ಸಾರ್, ನಿಮ್ಗೆ ಬೇಡ. ಮತ್ತೆ ಹಡಗು ಹೋದಾಗ ಅಲ್ಲೇ ಬಿಟ್ಬನ್ನಿ. ದ್ವೀಪಾನ ಪೂರ್ತಿ ಅರೆದು ಮುಗಿಸ್ದೆ ಅನ್ನೋ ಮಾತು ನಂಗೆ ಬೇಡ."