ಭಾವನ ಹೊಸ ಹುಚ್ಚು
ನಮ್ಮ ಭಾವ ದರ್ಜಿ. ಐವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಹುಚ್ಚು ಹಿಡಿದು, ನಮ್ಮೆಲ್ಲರ ತಲೆ ಚಿಟ್ಟು ಹಿಡಿದಿದೆ. ನನ್ನ ಅಂಗಿಗೆ ತೋಳು ಕೂಡಿಸಿ ಎಂದರೆ, "ತಡಿಯೋ, ಪ್ರೋಗ್ರಾಮಲ್ಲಿ ಎಲ್ಲೋ ಒಂದು ಚುಕ್ಕೆ ತಪ್ಪಿದೆ" ಅನ್ನುತ್ತಾರೆ. ಆ ಚುಕ್ಕೆ ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಗಿರಾಕಿಗಳು ಗೊಣಗಿದರೆ, "ಬಟ್ಟೆ ತಪ್ಪಾಗಿ ಕತ್ತರಿಸಿದ್ರೆ ಮುಗೀತು, ಇದನ್ನ ಎಷ್ಟು ಸಲ ಬೇಕಾದ್ರೂ ತಿದ್ದಬಹುದು ಕಣ್ರೀ" ಎಂದು ಅವರಿಗೇ ಪಾಠ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿರುವ ಅಕ್ಕ ಮಂಚದಿಂದಲೇ ದುರುಗುಟ್ಟಿ ನೋಡುತ್ತಾಳೆ. ನಿನ್ನೆ ಭಾವ ಆ ಕಂಪ್ಯೂಟರನ್ನು ಅವಳ ಮಡಿಲಲ್ಲಿಟ್ಟರು. ಪರದೆಯ ಮೇಲಿನ ಪದಗಳನ್ನು ಮುಟ್ಟಿದರೆ ಅದು ಅವಳ ಪರವಾಗಿ ಮಾತಾಡುತ್ತದಂತೆ. ಅಕ್ಕ ಬೆರಳಿನಿಂದ ಒಂದೊಂದೇ ಪದ ಮುಟ್ಟಿದಳು. "ರೀ, ಸಾಕು ಮಾಡಿ. ಬಟ್ಟೆ ಹೊಲೀರಿ" ಎಂದಿತು ಕಂಪ್ಯೂಟರ್. ಭಾವ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಬಯ್ಯೇ" ಎಂದರು.